ಫೀಸು ಕೊಡಲಾಗದ ಮನೆಯ ಹುಡುಗ

ನಮ್ಮ ಮದ್‌ಹಬ್ ಯಾವುದೆಂದು ಕೇಳಿದರೆ ಬ್ಯಾರಿ ಮಕ್ಕಳೆಲ್ಲ ಥಟ್ಟನೆ ಶಾಫಿಈ ಅಂತಾರೆ. ಆದರೆ ಆ ಇಮಾಮರ ಬಾಲ್ಯ ಹೇಗಿತ್ತೆಂದು ನಾವು ಮಕ್ಕಳಿಗೆ ಹೇಳುವುದು ಕಮ್ಮಿ.

ಮುಹಮ್ಮದ್ ಬಿನ್ ಇದ್ರೀಸ್ ಅಶ್ಶಾಫಿಈ (ರ) ಹುಟ್ಟಿದ್ದು ಹಿಜರಿ 150ರಲ್ಲಿ (ಕ್ರಿ.ಶ. 767), ಗಾಝಾದಲ್ಲಿ. ತಂದೆ ಬೇಗನೆ ತೀರಿಹೋದರು. ಎರಡು ವರ್ಷದ ಯತೀಮ್ ಮಗನನ್ನು ಕಟ್ಟಿಕೊಂಡು ಉಮ್ಮ ಮಕ್ಕಾಕ್ಕೆ ಬಂದರು. ಓದಲು ಕೂರಿಸಿದರು, ಆದರೆ ಉಸ್ತಾದರಿಗೆ ಕೊಡಲು ಕೈಯಲ್ಲಿ ದುಡ್ಡಿಲ್ಲ.

ಚರಿತ್ರೆಕಾರರು ಬರೆದಂತೆ, ಫೀಸಿಲ್ಲದ ಹುಡುಗನ ಕಡೆಗೆ ಉಸ್ತಾದರ ಗಮನ ಮೊದಲು ಅಷ್ಟಕ್ಕಷ್ಟೆ. ಬೇರೆಯವರಿಗೆ ಹೇಳಿಕೊಟ್ಟದ್ದನ್ನು ಈ ಹುಡುಗ ಕೂತಲ್ಲೇ ಕಲಿತುಬಿಡುತ್ತಿದ್ದ. ಉಸ್ತಾದರು ಎದ್ದು ಹೋದರೆ ಉಳಿದ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಉಸ್ತಾದರು ಇದನ್ನು ಕಂಡರು. ತಲೆಹರಟೆ ಎಂದು ಗದರಲಿಲ್ಲ, ಆ ಕೆಲಸವನ್ನೇ ವಹಿಸಿ ಫೀಸು ಬಿಟ್ಟುಕೊಟ್ಟರು.

7ರ ಪ್ರಾಯದಲ್ಲಿ ಕುರ್‌ಆನ್ ಕಂಠಪಾಠ, 10ರಲ್ಲಿ ಇಮಾಮ್ ಮಾಲಿಕರ ಮುವತ್ತಾ. ಕಾಗದ ಕೊಳ್ಳಲಾಗದೆ ಎಲುಬಿನ ಮೇಲೆ ಬರೆದರು, ಸರಕಾರಿ ದಫ್ತರದಿಂದ ಬಳಸಿದ ಹಾಳೆ ಕೇಳಿ ತಂದು ಹಿಂಬದಿಯಲ್ಲಿ ಬರೆದರು. ಓದು ಮಾತ್ರವಲ್ಲ, ಬಿಲ್ಲುವಿದ್ಯೆಯಲ್ಲೂ ಎತ್ತಿದ ಕೈ. ಒಳ್ಳೆಯ ಅರಬಿ ಕಲಿಯಲೆಂದೇ ಹುದೈಲ್ ಬುಡಕಟ್ಟಿನವರ ಜೊತೆ ಹೋಗಿ ಇದ್ದರು.

15ರ ಪ್ರಾಯದಲ್ಲೇ ಮಕ್ಕಾದ ಮುಫ್ತಿ ಮುಸ್ಲಿಂ ಬಿನ್ ಖಾಲಿದ್ ಅವರು ಫತ್ವಾ ಕೊಡಲು ಅನುಮತಿಸಿದರೆಂದು ವರದಿಯಿದೆ. ಹಾಗೆಂದು ಅವರು ಕಲಿಕೆ ನಿಲ್ಲಿಸಲಿಲ್ಲ. ಮದೀನಾದಲ್ಲಿ ಇಮಾಮ್ ಮಾಲಿಕರ ಮುಂದೆ, ಆಮೇಲೆ ಬಗ್ದಾದಿನಲ್ಲಿ ಇಮಾಮ್ ಅಬೂ ಹನೀಫಾರ ಶಿಷ್ಯ ಮುಹಮ್ಮದ್ ಅಶ್ಶೈಬಾನಿಯವರ ಮುಂದೆ ಶಿಷ್ಯನಾಗಿ ಕೂತರು. ಹಿಜರಿ 204ರಲ್ಲಿ (ಕ್ರಿ.ಶ. 820) ಈಜಿಪ್ಟಿನಲ್ಲಿ ವಫಾತಾಗುವಾಗ ಅವರ 'ಅರ್ರಿಸಾಲ' ಫಿಕ್‌ಹ್‌ನ ಮೂಲತತ್ವಗಳಿಗೆ ಬುನಾದಿಯಾಗಿತ್ತು.

ಇಂಥ ಚುರುಕು ಅಲ್ಲಾಹನ ಕೊಡುಗೆ, ಸರಿ. ಆದರೆ ಉಮ್ಮ ಊರು ಬಿಡದಿದ್ದರೆ, ಉಸ್ತಾದರು ಫೀಸನ್ನೇ ನೋಡಿದ್ದರೆ?

ಈಗಲೂ ನಮ್ಮ ಶಾಲೆಗಳಲ್ಲಿ ಲೆಕ್ಕ ಬೇಗ ಮುಗಿಸಿ ಪಕ್ಕದವನನ್ನು ಕೆಣಕುವ ಮಗು, ಪ್ರಶ್ನೆ ಕೇಳಿ ಸುಸ್ತು ಮಾಡುವ ಮಗು ಇದ್ದೇ ಇದೆ. ಅದಕ್ಕೆ ಬರೀ ಹೊಗಳಿಕೆಯೂ ಬೇಡ, ಬೈಗುಳವೂ ಬೇಡ. ಇನ್ನೂ ಕಷ್ಟದ ಲೆಕ್ಕ ಕೊಡಿ, ಹಿಂದುಳಿದ ಗೆಳೆಯನಿಗೆ ಹೇಳಿಕೊಡಲು ಬಿಡಿ, ಅದಕ್ಕಿಂತ ಹೆಚ್ಚು ಬಲ್ಲವರ ಬಳಿ ಕಳುಹಿಸಿ. ಮನೆಯಲ್ಲಿ ದುಡ್ಡಿಲ್ಲವೆಂದು ಆ ಮಗುವಿನ ಓದು ನಿಲ್ಲದಂತೆ ನೋಡಿಕೊಳ್ಳುವುದು ಜಮಾಅತಿನ ನಮ್ಮೆಲ್ಲರ ಹೊಣೆ.