ಚಳಿಯಲ್ಲಿ ತುಳಿದ ಕಿಲೋಮೀಟರ್‌ಗಳು: ಫೌಸ್ಟೊ ಕೊಪ್ಪಿಯ ಬದುಕು

ಕಳೆದ ಸೆಮಿಸ್ಟರ್ ಪರೀಕ್ಷೆ ಮುಗಿಸಿ ನಾವು ಐದು ಜನ ಕೊಳ್ಳೇಗಾಲದ ಹತ್ತಿರದ ಮುಳ್ಳೂರಿಗೆ, ಗೆಳೆಯನೊಬ್ಬನ ಮನೆಗೆ ಹೋಗಿದ್ವಿ. ಡಿಸೆಂಬರ್ ಕೊನೆ. ಹೊಸ ವರ್ಷಕ್ಕೆ ದೇಹ ಗಟ್ಟಿ ಮಾಡ್ಕೊಳ್ಳೋಣ ಅಂತ ನಿರ್ಧಾರ ಮಾಡಿ, ಊರಲ್ಲಿ ಸಿಕ್ಕ ಸೈಕಲ್‌ಗಳನ್ನೆಲ್ಲ ಒಟ್ಟುಗೂಡಿಸಿ, ಬೆಳಗ್ಗೆ ಐದೂವರೆಗೆ ಕೊಳ್ಳೇಗಾಲದ ಕಡೆ ಹೊರಟ್ವಿ. ಗದ್ದೆಗಳ ಮೇಲೆ ಮಂಜು, ಎದುರು ಬರುವ ಟ್ರ್ಯಾಕ್ಟರ್ ಕಾಣಲ್ಲ, ಬ್ರೇಕ್ ಹಿಡಿದ ಬೆರಳುಗಳಿಗೆ ಜೀವವೇ ಇಲ್ಲ. ಮೊದಲ ಟೀ ಅಂಗಡಿಯಲ್ಲೇ ನಮ್ಮ ಅಭ್ಯಾಸ ಮುಗಿದುಹೋಯಿತು. ಈ ಚಳಿಯಲ್ಲಿ ಯಾಕಪ್ಪ ತುಳಿಬೇಕು, ಬೇಸಿಗೆಯಲ್ಲಿ ಮಾಡಿದ್ರೆ ಆಗಲ್ವಾ ಅಂತ ನಮ್ಮಲ್ಲೇ ಜಗಳ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕವನು ಫೌಸ್ಟೊ ಕೊಪ್ಪಿ. ಸೈಕಲ್ ರೇಸ್ ನೋಡುವವರಿಗೆ ಈ ಹೆಸರು ಹೊಸದಲ್ಲ. ನೋಡದವರಿಗಾಗಿ ಈ ಲೇಖನ. ಗೆದ್ದ ಕಪ್‌ಗಳ ಪಟ್ಟಿಯಷ್ಟೇ ಆಗಿದ್ದರೆ ನಾವು ಬರೀತಿರಲಿಲ್ಲ. ಅವನನ್ನು ಕಟ್ಟಿದ್ದು ಚಳಿಗಾಲ, ಅವನನ್ನು ಕೊಂದದ್ದು ಚಳಿಜ್ವರ. ಎರಡರ ನಡುವೆ ನಮ್ಮಂಥ ಇಂಜಿನಿಯರಿಂಗ್ ಹುಡುಗ ಹುಡುಗಿಯರು ಕಲಿಯಬೇಕಾದ ಒಂದು ಪಾಠ ಇದೆ.

ಕೊಪ್ಪಿ ಹುಟ್ಟಿದ್ದು 1919ರ ಸೆಪ್ಟೆಂಬರ್ 15ರಂದು, ಇಟಲಿಯ ವಾಯವ್ಯಕ್ಕಿರುವ ಪೀಡ್‌ಮಾಂಟ್ ಪ್ರಾಂತ್ಯದ ಕಾಸ್ಟೆಲಾನಿಯಾ ಎಂಬ ಗುಡ್ಡದ ಹಳ್ಳಿಯಲ್ಲಿ. ಬೇಸಾಯದ ಮನೆ, ಐದು ಮಕ್ಕಳಲ್ಲಿ ನಾಲ್ಕನೆಯವನು. ಸಣಕಲು ಹುಡುಗ. ಓದು ಹತ್ತಲಿಲ್ಲ. ಹದಿಮೂರರ ಆಸುಪಾಸಿನಲ್ಲೇ ನೋವಿ ಲಿಗುರೆ ಎಂಬ ಪಟ್ಟಣದ ಮಾಂಸದಂಗಡಿಗೆ ಕೆಲಸಕ್ಕೆ ಸೇರಿದ. ಗಿರಾಕಿಗಳ ಮನೆಗೆ ಸಾಮಾನು ಮುಟ್ಟಿಸೋದು, ಹಳ್ಳಿಗೂ ಪಟ್ಟಣಕ್ಕೂ ಓಡಾಡೋದು, ಎಲ್ಲವೂ ಸೈಕಲ್ ಮೇಲೆ. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಚಿಕ್ಕಪ್ಪ ಕೊಟ್ಟ ದುಡ್ಡು ಸೇರಿಸಿ ರೇಸ್ ಸೈಕಲ್ ಕೊಂಡ.

ಆ ಅಂಗಡಿಯ ಊರಲ್ಲೇ ಅವನಿಗೆ ಸಿಕ್ಕ ಗುರು ಬಿಯಾಜೊ ಕವಾನ್ನ. ಕವಾನ್ನ ಮೈ ತಿಕ್ಕಿ ಸ್ನಾಯು ಸಡಿಲಿಸುವ ಮಾಲಿಶಿನವನು. ಹಿಂದಿನ ತಲೆಮಾರಿನ ದೊಡ್ಡ ಸವಾರ ಕೊಸ್ತಾಂತೆ ಜಿರಾರ್ದೆಂಗೊನ ಜೊತೆ ಕೆಲಸ ಮಾಡಿದ್ದವನು. ಆಮೇಲೆ ಅವನ ಎರಡೂ ಕಣ್ಣು ಹೋದವು. ಸವಾರರ ತೊಡೆ, ಬೆನ್ನು, ಎದೆ ಮುಟ್ಟಿ ನೋಡಿಯೇ ಯಾರಲ್ಲಿ ಎಷ್ಟು ಶಕ್ತಿ ಇದೆ, ಯಾರು ದಣಿದಿದ್ದಾರೆ ಅಂತ ಹೇಳುತ್ತಿದ್ದ. ಹೃದಯದ ಬಡಿತ ತೋರಿಸುವ ಪಟ್ಟಿ, ಪೆಡಲ್‌ನ ವಾಟ್ ಅಳೆಯುವ ಮೀಟರ್ ಯಾವುದೂ ಇಲ್ಲದ ಕಾಲ. ಅವನ ಬೆರಳುಗಳೇ ಸೆನ್ಸರ್.

ಕವಾನ್ನನ ಸುತ್ತ ಹುಡುಗರ ಒಂದು ಗುಂಪೇ ಬೆಳೆಯಿತು. ಕೊಪ್ಪಿಯ ತಮ್ಮ ಸೆರ್ಸೆ, ಎತ್ತೊರೆ ಮಿಲಾನೊ, ಆಂದ್ರಿಯಾ ಕರೇಯಾ ಇವರೆಲ್ಲ ಆ ಗರಡಿಯವರು. ಹೌದು, ನಮ್ಮ ಕಡೆಯ ಗರಡಿಮನೆಗೆ ಹೋಲಿಸಿದರೇ ಅದು ಸರಿಯಾಗಿ ಅರ್ಥ ಆಗೋದು. ಬೇಗ ಮಲಗಬೇಕು, ಬೇಗ ಏಳಬೇಕು, ಊಟ ಉಸ್ತಾದರು ಹೇಳಿದಂತೆ, ಎದುರು ಮಾತಿಲ್ಲ. ಸೀಸನ್ನಿನ ಮೊದಲ ದೊಡ್ಡ ರೇಸ್ ಮಿಲಾನ್–ಸ್ಯಾನ್ ರೆಮೊ ಮಾರ್ಚ್‌ನಲ್ಲಿ. ಸುಮಾರು 290 ಕಿಲೋಮೀಟರ್, ಒಂದೇ ದಿನದಲ್ಲಿ. ಅದಕ್ಕೆ ಮಾರ್ಚ್‌ನಲ್ಲಿ ತಯಾರಿ ಶುರು ಮಾಡಿದರೆ ಆಗಲ್ಲ. ಜನವರಿ, ಫೆಬ್ರವರಿಯ ಮಂಜಿನಲ್ಲೇ ಕಿಲೋಮೀಟರ್‌ಗಳನ್ನು ಕೂಡಿಡಬೇಕು. ಜರ್ಸಿಯ ಒಳಗೆ ಎದೆಗೆ ದಿನಪತ್ರಿಕೆ ಮಡಚಿ ಇಟ್ಟುಕೊಂಡು ಗಾಳಿ ತಡೆಯುವುದು ಆ ಕಾಲದ ಸವಾರರ ಸಾಮಾನ್ಯ ಉಪಾಯ.

ಇಲ್ಲಿ ಸ್ವಲ್ಪ ಫ್ಲೂಯಿಡ್ ಮೆಕ್ಯಾನಿಕ್ಸ್, ಬೋರ್ ಆಗಲ್ಲ, ಓದಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ. ಅಂದರೆ ವೇಗ ಎರಡು ಪಟ್ಟು ಆದರೆ ಗಾಳಿಯ ಎದುರು ಕಾಲು ಕೊಡಬೇಕಾದ ಶಕ್ತಿ ಎಂಟು ಪಟ್ಟು. ತಣ್ಣನೆ ಗಾಳಿ ಇನ್ನೂ ದಟ್ಟ: 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.16 ಕಿಲೋ, ಸೊನ್ನೆ ಡಿಗ್ರಿಯಲ್ಲಿ ಸುಮಾರು 1.29 ಕಿಲೋ. ಅದೇ ವೇಗಕ್ಕೆ ಚಳಿಯಲ್ಲಿ ಹತ್ತನೇ ಒಂದು ಪಾಲು ಜಾಸ್ತಿ ತಡೆ. ಆದ್ದರಿಂದಲೇ ಗುಂಪು ಬೇಕು. ಮುಂದಿನವನ ಚಕ್ರಕ್ಕೆ ಅಂಟಿಕೊಂಡು ಹೋಗುವವನಿಗೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಶಕ್ತಿ ಉಳಿಯುತ್ತದೆ. ಒಬ್ಬ ಸ್ವಲ್ಪ ಹೊತ್ತು ಗಾಳಿ ಒಡೆದು ಹಿಂದಕ್ಕೆ ಸರಿಯುತ್ತಾನೆ, ಮುಂದಿನ ಸರದಿ ಇನ್ನೊಬ್ಬನದು. ಗುಂಪಿನ ಸವಾರಿ ಅಂದರೆ ಬರೀ ಜೊತೆ ಅಲ್ಲ, ಗಾಳಿಯನ್ನು ಹಂಚಿಕೊಳ್ಳೋದು.

1940ರಲ್ಲಿ ಕೊಪ್ಪಿ ಜೀನೊ ಬಾರ್ತಾಲಿ ನಾಯಕನಾಗಿದ್ದ ಲೆನ್ಯಾನೊ ತಂಡ ಸೇರಿದ. ಕೆಲಸ ನಾಯಕನಿಗೆ ನೆರವಾಗೋದು. ಬಾರ್ತಾಲಿ ಬಿದ್ದು ಪೆಟ್ಟು ಮಾಡಿಕೊಂಡ. ಇಪ್ಪತ್ತು ವರ್ಷದ ಕೊಪ್ಪಿ ಜೀರೊ ದಿ ಇಟಾಲಿಯಾ ಗೆದ್ದುಬಿಟ್ಟ. ಅದು ಮುಗಿದ ಮರುದಿನವೇ, ಜೂನ್ 10ಕ್ಕೆ, ಇಟಲಿ ಯುದ್ಧಕ್ಕಿಳಿಯಿತು.

ನಮ್ಮ ವಯಸ್ಸಿನಲ್ಲಿ ಎಲ್ಲವೂ ಕೈಗೆ ಸಿಕ್ಕಿ, ತಕ್ಷಣ ಜಾರಿಹೋದರೆ ಹೇಗಿರುತ್ತೆ ಯೋಚಿಸಿ. 1942ರ ನವೆಂಬರ್ 7ರಂದು, ಬಾಂಬ್ ಬೀಳುತ್ತಿದ್ದ ದಿನಗಳ ಮಿಲಾನ್ ನಗರದ ವಿಗೊರೆಲ್ಲಿ ಟ್ರ್ಯಾಕ್‌ನಲ್ಲಿ ಅವನು ಒಂದು ಗಂಟೆಯಲ್ಲಿ 45.798 ಕಿಲೋಮೀಟರ್ ತುಳಿದ. ಹಳೆಯ ದಾಖಲೆಗಿಂತ ಬರೀ 31 ಮೀಟರ್ ಜಾಸ್ತಿ. ಆ ದಾಖಲೆ 1956ರವರೆಗೆ ನಿಂತಿತು. ಆದರೆ 1943ರಲ್ಲಿ ಸೈನ್ಯ ಅವನನ್ನು ಉತ್ತರ ಆಫ್ರಿಕಾಕ್ಕೆ ಕಳಿಸಿತು. ಏಪ್ರಿಲ್‌ನಲ್ಲಿ ಟ್ಯುನೀಷಿಯಾದಲ್ಲಿ ಬ್ರಿಟಿಷರ ಸೆರೆಯಾಳಾದ. 1945ರಲ್ಲಿ ಬಿಡುಗಡೆಯಾಗಿ, ಒಂದಿಷ್ಟು ಸೈಕಲ್ ತುಳಿದು, ಒಂದಿಷ್ಟು ಸಿಕ್ಕ ಗಾಡಿ ಹತ್ತಿ ಉತ್ತರದ ತನ್ನ ಹಳ್ಳಿ ಸೇರಿದ. ಚೆನ್ನಾಗಿ ಓಡಬೇಕಿದ್ದ ವರ್ಷಗಳು ಯುದ್ಧಕ್ಕೆ ಹೋಗಿದ್ದವು.

ಮತ್ತೆ ಕವಾನ್ನ, ಮತ್ತೆ ಗುಂಪು, ಮತ್ತೆ ಚಳಿಗಾಲ. 1946ರ ಮಾರ್ಚ್ 19ಕ್ಕೆ, ಯುದ್ಧ ಮುಗಿದ ಮೇಲಿನ ಮೊದಲ ಮಿಲಾನ್–ಸ್ಯಾನ್ ರೆಮೊ. ದೇಶದ ಸೇತುವೆ, ರಸ್ತೆಗಳೆಲ್ಲ ಮುರಿದಿದ್ದವು. ರೇಸ್ ಶುರುವಾದ ಸ್ವಲ್ಪ ಹೊತ್ತಿಗೇ ಹೊರಟ ಒಂದು ಸಣ್ಣ ಗುಂಪಿನ ಜೊತೆ ಕೊಪ್ಪಿ ಸೇರಿಕೊಂಡ. ತುರ್ಕಿನೊ ಕಣಿವೆದಾರಿಯ ಏರಿನಲ್ಲಿ ಎಲ್ಲರನ್ನೂ ಬಿಟ್ಟು ಮುಂದೆ ಹೋದ. ಆ ಏರಿನ ತುದಿಯಲ್ಲೊಂದು ಸುರಂಗ. ಈ ಕಡೆ ಬಯಲಿನ ಚಳಿ, ಆ ಕಡೆ ಸಮುದ್ರದ ಬಿಸಿಲು. ಸುಮಾರು 147 ಕಿಲೋಮೀಟರ್ ಒಬ್ಬನೇ ತುಳಿದು ಸ್ಯಾನ್ ರೆಮೊ ಮುಟ್ಟಿದಾಗ ಎರಡನೆಯವನಿಗೂ ಇವನಿಗೂ 14 ನಿಮಿಷ ಅಂತರ. ಜನ ನೋಡಿದ್ದು ಮಾರ್ಚ್‌ನ ಆ ಒಂದು ದಿನವನ್ನು. ಅದರ ಹಿಂದಿನ ಮಂಜಿನ ಬೆಳಗುಗಳನ್ನು ಯಾರೂ ನೋಡಿರಲಿಲ್ಲ.

ಮುಂದಿನ ಏಳೆಂಟು ವರ್ಷ ಅವನದೇ. ಜೀರೊ ಒಟ್ಟು ಐದು ಸಲ (1940, 1947, 1949, 1952, 1953), ಟೂರ್ ದ ಫ್ರಾನ್ಸ್ ಎರಡು ಸಲ (1949, 1952). ಒಂದೇ ವರ್ಷ ಎರಡನ್ನೂ ಗೆದ್ದವರಲ್ಲಿ ಅವನೇ ಮೊದಲಿಗ. 1949ರ ಟೂರ್‌ನಲ್ಲಿ ಬಿದ್ದು ಸೈಕಲ್ ಹಾಳಾಗಿ, ಅರ್ಧ ಗಂಟೆಗೂ ಹೆಚ್ಚು ಹಿಂದುಳಿದು, ಬಿಟ್ಟು ಮನೆಗೆ ಹೋಗ್ತೀನಿ ಅಂತ ಕೂತವನು ಅದೇ ರೇಸನ್ನು ಗೆದ್ದ. ಒಂದು ಬ್ಯಾಕ್‌ಲಾಗ್‌ಗೆ ಕಾಲೇಜು ಬಿಡೋ ಮಾತಾಡುವ ನಮ್ಮ ಹಾಸ್ಟೆಲ್ ಗೆಳೆಯರು ಇದನ್ನು ಎರಡು ಸಲ ಓದಬೇಕು.

ಮೆಕ್ಯಾನಿಕಲ್‌ನವರಿಗೆ ಒಂದು ತುಣುಕು. 1950ರ ಪ್ಯಾರಿಸ್–ರೂಬೇ ರೇಸನ್ನು ಕೊಪ್ಪಿ ಗೆದ್ದದ್ದು ಕಂಪಾನ್ಯೊಲೊ ಕಂಪನಿಯ ಗೇರ್ ಇಟ್ಟುಕೊಂಡು. ಗೇರ್ ಬದಲಿಸಬೇಕೆಂದರೆ ಕೈ ಹಿಂದಕ್ಕೆ ಚಾಚಿ, ಹಿಂಚಕ್ರದ ಅಚ್ಚನ್ನು ಸಡಿಲಿಸಿ, ಪೆಡಲ್ ಹಿಮ್ಮುಖವಾಗಿ ತಿರುಗಿಸಿ ಚೈನ್ ಸರಿಸಿ, ಮತ್ತೆ ಬಿಗಿ ಮಾಡಬೇಕು. ಅದೂ ಕಲ್ಲು ಹಾಸಿದ ರಸ್ತೆಯಲ್ಲಿ ಓಡುತ್ತಲೇ! ಆ ಗೆಲುವಿನ ನಂತರ ಆ ಗೇರಿಗೆ ಪ್ಯಾರಿಸ್–ರೂಬೇ ಎಂದೇ ಹೆಸರಾಯಿತು.

ಅವನ ದೇಹವೂ ಒಂದು ಯಂತ್ರದಂತೆಯೇ ಇತ್ತು ಅಂತ ಜನ ಹೇಳ್ತಾರೆ. ದೊಡ್ಡ ಎದೆಗೂಡು, ನಿಧಾನವಾಗಿ ಬಡಿಯುವ ಹೃದಯ. ಆದರೆ ಮೂಳೆಗಳು ಗಟ್ಟಿಯಲ್ಲ. 1942ರಲ್ಲಿ ಕತ್ತಿನ ಕೆಳಗಿನ ಮೂಳೆ, 1950ರ ಜೀರೊದಲ್ಲಿ ಸೊಂಟದ ಮೂಳೆ, 1951ರಲ್ಲಿ ಮತ್ತೆ ಕತ್ತಿನ ಕೆಳಗಿನದು. ಪ್ರತಿ ಸಲ ಮುರಿದು, ಪ್ರತಿ ಸಲ ಗರಡಿಗೆ ವಾಪಸ್. ಊಟದಲ್ಲಿ ಮಾಂಸ, ವೈನ್ ಕಡಿಮೆ ಮಾಡಿ ಧಾನ್ಯ, ತರಕಾರಿ ಹೆಚ್ಚಿಸಿದ. ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು: ಆ ಕಾಲದ ಸವಾರರಂತೆ ಅವನೂ ಉತ್ತೇಜಕ ಮಾತ್ರೆ ನುಂಗಿದ್ದ. ಆಗ ಅದಕ್ಕೆ ನಿಷೇಧ ಇರಲಿಲ್ಲ. ಅವನು ಅದನ್ನು ಮುಚ್ಚಿಡಲೂ ಇಲ್ಲ.

1951ರ ಜೂನ್‌ನಲ್ಲಿ ಟುರಿನ್ ನಗರದಲ್ಲಿ ರೇಸ್ ಓಡುವಾಗ ತಮ್ಮ ಸೆರ್ಸೆ ಟ್ರಾಮ್ ಹಳಿಗೆ ಸಿಕ್ಕಿ ಬಿದ್ದ. ತಲೆಗೆ ಪೆಟ್ಟು. ಎದ್ದು, ಸೈಕಲ್ ಹತ್ತಿ, ರೇಸ್ ಮುಗಿಸಿ ಹೋಟೆಲಿಗೆ ಹೋದ. ಎಲ್ಲ ಸರಿ ಇದೆ ಅಂದುಕೊಂಡರು. ಮಿದುಳಿನೊಳಗೆ ರಕ್ತ ಸೋರುತ್ತಿತ್ತು. ಅಂದೇ ತೀರಿಕೊಂಡ. ಕೆಲವೇ ದಿನಗಳಲ್ಲಿ ಶುರುವಾದ ಟೂರ್‌ಗೆ ಹೋದ ಕೊಪ್ಪಿ ಮೋಂಪೆಲಿಯೇ ದಾರಿಯಲ್ಲಿ ಕುಸಿದ. ಅವನ ತಂಡದವರು ತಮ್ಮ ಸ್ಥಾನ ಬಿಟ್ಟು ಹಿಂದೆ ನಿಂತು, ಗಾಳಿಗೆ ಅಡ್ಡವಾಗಿ, ಅವನನ್ನು ದಡ ಮುಟ್ಟಿಸಿದರು.

1952ರ ಟೂರ್‌ನಲ್ಲಿ ಇದೇ ಗರಡಿಯ ಕರೇಯಾ ಒಂದು ದಿನ ಅಕಸ್ಮಾತ್ತಾಗಿ ಹಳದಿ ಜರ್ಸಿ ಪಡೆದುಬಿಟ್ಟ. ನಾಜಿಗಳ ಬೂಖೆನ್‌ವಾಲ್ಡ್ ಶಿಬಿರದಿಂದ ಬದುಕಿ ಬಂದಿದ್ದ ಗಟ್ಟಿ ಮನುಷ್ಯ, ನಾಯಕನ ಜಾಗಕ್ಕೆ ತಾನು ಬಂದೆನಲ್ಲ ಅಂತ ಅಳುತ್ತಾ ನಿಂತ. ಕೊಪ್ಪಿ ಬಂದು ಅಭಿನಂದಿಸಿದ. ಮರುದಿನ, ಜುಲೈ 4ರಂದು, ಟೂರ್ ಮೊದಲ ಸಲ ಆಲ್ಪ್ ದ್ಯುಯೆಜ್ ಬೆಟ್ಟದ 21 ತಿರುವುಗಳನ್ನು ಹತ್ತಿತು. ಗೆದ್ದವನು ಕೊಪ್ಪಿ. ಕೊನೆಗೆ ಎರಡನೆಯವನಿಗಿಂತ 28 ನಿಮಿಷ 17 ಸೆಕೆಂಡ್ ಮುಂದೆ. 1953ರಲ್ಲಿ ಹಿಮದ ಗೋಡೆಗಳ ನಡುವಿನ ಸ್ಟೆಲ್ವಿಯೊ ಕಣಿವೆ ಹತ್ತಿ ಜೀರೊ, ಅದೇ ವರ್ಷ ಲುಗಾನೊದಲ್ಲಿ ವಿಶ್ವ ಚಾಂಪಿಯನ್ ಪಟ್ಟ.

ಆಮೇಲೆ ಇಳಿಜಾರು. ಮದುವೆಯಾಗಿ ಮಗಳಿದ್ದ ಕೊಪ್ಪಿ, ಮದುವೆಯಾಗಿದ್ದ ಜೂಲಿಯಾ ಒಕ್ಕೀನಿ ಎಂಬಾಕೆಯ ಜೊತೆ ಬದುಕಲು ನಿರ್ಧರಿಸಿದ. ಇಟಲಿಯಲ್ಲಿ ಆಗ ವಿಚ್ಛೇದನದ ಕಾನೂನೇ ಇರಲಿಲ್ಲ, ಪರಸಂಬಂಧ ಅಪರಾಧ. ಪೊಲೀಸರು ಬಂದರು, ಆಕೆ ಕೆಲವು ದಿನ ಜೈಲು ಕಂಡಳು, ಕೋರ್ಟು ಇಬ್ಬರಿಗೂ ಶಿಕ್ಷೆ ಹೇಳಿ ಅಮಾನತಿನಲ್ಲಿಟ್ಟಿತು. ಅವರ ಮಗ ಹುಟ್ಟಿದ್ದು ಅರ್ಜೆಂಟೀನಾದಲ್ಲಿ. ಯಾರದು ಸರಿ, ಯಾರದು ತಪ್ಪು ಅಂತ ತೀರ್ಪು ಕೊಡೋಕೆ ನಾವು ಯಾರು? ಕಾಲು ಸೋತರೂ ಅವನು ರೇಸ್ ಬಿಡಲಿಲ್ಲ ಅನ್ನೋದಷ್ಟೇ ಗೊತ್ತು.

1959ರ ಡಿಸೆಂಬರ್. ಆಫ್ರಿಕಾದ ಅಪ್ಪರ್ ವೋಲ್ಟಾದ (ಈಗಿನ ಬುರ್ಕಿನಾ ಫಾಸೊ) ಔಗಡೂಗುವಿನಲ್ಲಿ ಒಂದು ಪ್ರದರ್ಶನ ರೇಸ್, ಜೊತೆಗೆ ಬೇಟೆ. ಕೊಪ್ಪಿ, ಫ್ರಾನ್ಸಿನ ರಫಾಯೆಲ್ ಜೆಮಿನಿಯಾನಿ ಮುಂತಾದವರು ಹೋದರು. ಇವರಿಬ್ಬರೂ ಒಂದೇ ಕೋಣೆಯಲ್ಲಿ ಮಲಗಿದ್ದರು. ಸೊಳ್ಳೆಗಳು ಕಚ್ಚಿದವು. ಮನೆಗೆ ಮರಳಿದ ಮೇಲೆ, ಕ್ರಿಸ್‌ಮಸ್ ಹೊತ್ತಿಗೆ, ಇಬ್ಬರಿಗೂ ವಿಪರೀತ ಜ್ವರ. ಫ್ರಾನ್ಸಿನಲ್ಲಿ ಜೆಮಿನಿಯಾನಿಯ ರಕ್ತ ಪರೀಕ್ಷೆ ಮಾಡಿದರು: ಮಲೇರಿಯಾ, ಅದರಲ್ಲೂ ಫಾಲ್ಸಿಪರಮ್. ಕ್ವಿನೈನ್ ಕೊಟ್ಟರು, ಬದುಕಿದ. ಇಟಲಿಯಲ್ಲಿ ಚಳಿಗಾಲದ ಜ್ವರ ಅಂದರೆ ಫ್ಲೂ, ಶ್ವಾಸಕೋಶದ ತೊಂದರೆ ಅಂತ ಚಿಕಿತ್ಸೆ ನಡೆಯಿತು. ಫ್ರಾನ್ಸಿನಿಂದ ಸುದ್ದಿ ಮುಟ್ಟಿಸಿದರೂ ಉಪಯೋಗವಾಗಲಿಲ್ಲ ಅಂತ ಆಮೇಲೆ ಹೇಳಿದರು. 1960ರ ಜನವರಿ 2ರ ಬೆಳಗ್ಗೆ, ತೊರ್ತೊನಾದ ಆಸ್ಪತ್ರೆಯಲ್ಲಿ ಕೊಪ್ಪಿ ತೀರಿಕೊಂಡ. ವಯಸ್ಸು 40.

ಮಲೇರಿಯಾ ಸೊಳ್ಳೆಯಿಂದ ಬರುತ್ತೆ ಅನ್ನೋದಕ್ಕೆ ಆಧಾರವನ್ನು ರೊನಾಲ್ಡ್ ರಾಸ್ ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ 1897ರಲ್ಲೇ ಕಂಡಿದ್ದ. ಅರವತ್ತು ವರ್ಷ ಕಳೆದಿತ್ತು. ಔಷಧಿ ಇತ್ತು, ಪರೀಕ್ಷೆ ಇತ್ತು. ಚಳಿಗಾಲ ಅಲ್ವಾ, ಜ್ವರ ಸಹಜ ಅನ್ನೋ ಊಹೆ ಪರೀಕ್ಷೆಯ ಜಾಗದಲ್ಲಿ ಕೂತುಬಿಟ್ಟಿತು. ಲ್ಯಾಬಿನಲ್ಲಿ ರೀಡಿಂಗ್ ತಗೊಳ್ಳದೆ, ಸೀನಿಯರ್ ರೆಕಾರ್ಡ್ ನೋಡಿ ಗ್ರಾಫ್ ಎಳೆಯುವ ನಾವೆಲ್ಲ ಇಲ್ಲಿ ಸ್ವಲ್ಪ ತಲೆ ತಗ್ಗಿಸಬೇಕು. ಕಣ್ಣಿಲ್ಲದ ಕವಾನ್ನ ಪ್ರತಿದಿನ ಮುಟ್ಟಿ ನೋಡುತ್ತಿದ್ದ, ನಿನ್ನೆ ಇದ್ದಂತೆ ಇವತ್ತೂ ಇದೆ ಅಂತ ಅಂದುಕೊಳ್ಳುತ್ತಿರಲಿಲ್ಲ. ನಮಗೆ ಕೊಪ್ಪಿಯ ಬದುಕಿನಿಂದ ಸಿಕ್ಕಿದ್ದು ಇಷ್ಟೇ: ಯಾರೂ ನೋಡದ ಹೊತ್ತಿನಲ್ಲಿ ಕೆಲಸ ಮಾಡಬೇಕು, ಎಲ್ಲರೂ ಗೊತ್ತು ಅಂದುಕೊಂಡ ಕಡೆ ಪರೀಕ್ಷೆ ಮಾಡಬೇಕು.

ಈಗ ಜೀರೊದ ಪ್ರತಿ ವರ್ಷದ ಅತಿ ಎತ್ತರದ ಏರಿಗೆ ಚೀಮಾ ಕೊಪ್ಪಿ ಅಂತ ಹೆಸರು. ಅವನ ಹಳ್ಳಿಯ ಹೆಸರೇ 2019ರಲ್ಲಿ ಕಾಸ್ಟೆಲಾನಿಯಾ ಕೊಪ್ಪಿ ಆಯಿತು.

ಮುಳ್ಳೂರಿನಲ್ಲಿ ಆ ರಾತ್ರಿ ಒಲೆಯ ಮುಂದೆ ಕೂತು ಈ ಕಥೆ ಮಾತಾಡಿಕೊಳ್ಳುತ್ತಿದ್ವಿ. ಗೆಳೆಯನ ಅಜ್ಜಿ ಕೇಳಿಸಿಕೊಳ್ಳುತ್ತಿದ್ದರು. ಕಾಡಂಚಿನ ಸೀಮೆಯಲ್ಲಿ ಬೆಳೆದವರು, ಚಳಿಜ್ವರ ಕಂಡವರು. ಅವರು ಹುಡುಗಿಯಾಗಿದ್ದಾಗ ಮನೆಮನೆಗೆ ಬಂದು ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತಗೊಂಡು ಹೋಗ್ತಿದ್ದ ಆರೋಗ್ಯ ಇಲಾಖೆಯವರ ನೆನಪು ಅವರಿಗಿತ್ತು. ಅಷ್ಟು ದೊಡ್ಡ ಮನುಷ್ಯನ ಬೆರಳನ್ನು ಒಬ್ಬರೂ ಚುಚ್ಚಿ ನೋಡಲಿಲ್ಲವಾ ಅಂತ ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಮರುದಿನ ಐದೂವರೆಗೆ ಮತ್ತೆ ಹೊರಟ್ವಿ. ಈ ಸಲ ಜರ್ಸಿ ಇಲ್ಲದವರು ಶರ್ಟಿನೊಳಗೆ ಹಿಂದಿನ ದಿನದ ಪೇಪರ್ ಇಟ್ಟುಕೊಂಡಿದ್ವಿ, ಸರದಿಯ ಮೇಲೆ ಗಾಳಿ ಹಿಡಿದ್ವಿ, ಟೀ ಅಂಗಡಿ ದಾಟಿ ಕೊಳ್ಳೇಗಾಲ ಮುಟ್ಟಿದ್ವಿ.