ಸಕ್ಕರೆ ಕಾಯಿಲೆಯ ಮೂಲ ಹುಡುಕಿದ ಮಿಂಕೋವ್ಸ್ಕಿ

ನಾಯಿಯ ಮೂತ್ರಕ್ಕೆ ನೊಣ ಮುತ್ತಿದ್ದನ್ನು ಕಂಡು ವಿಜ್ಞಾನಿಯೊಬ್ಬರು ಮಧುಮೇಹದ ಮೂಲ ಪತ್ತೆ ಹಚ್ಚಿದರು ಎಂಬ ಕಥೆಯನ್ನು ನೀವು ಕೇಳಿರಬಹುದು. ಕಥೆ ಸ್ವಾರಸ್ಯವಾಗಿದೆ. ಆದರೆ ಆ ವಿಜ್ಞಾನಿಯೇ ಅದನ್ನು ಅಲ್ಲಗಳೆದಿದ್ದರು. ಅವರೇ ಆಸ್ಕರ್ ಮಿಂಕೋವ್ಸ್ಕಿ.

ಮಿಂಕೋವ್ಸ್ಕಿ ಹುಟ್ಟಿದ್ದು 1858ರಲ್ಲಿ, ಇಂದಿನ ಲಿಥುವೇನಿಯಾದ ಕೌನಾಸ್ ಬಳಿ, ಯಹೂದಿ ಕುಟುಂಬದಲ್ಲಿ. ಐನ್‌ಸ್ಟೈನ್‌ಗೆ ಗಣಿತ ಕಲಿಸಿದ ಹರ್ಮನ್ ಮಿಂಕೋವ್ಸ್ಕಿ ಇವರ ತಮ್ಮ. ಆಸ್ಕರ್ ವೈದ್ಯರಾಗಿ, ಗುರು ಬರ್ನ್‌ಹಾರ್ಡ್ ನೌನಿನ್ ಅವರ ಜೊತೆ ಸ್ಟ್ರಾಸ್‌ಬರ್ಗ್‌ಗೆ ಬಂದರು.

1889ರಲ್ಲಿ ಅಲ್ಲಿ ಜೋಸೆಫ್ ಫಾನ್ ಮೆರಿಂಗ್ ಜೊತೆ ಒಂದು ಚರ್ಚೆ ನಡೆಯಿತು. ಹೊಟ್ಟೆಯ ಹಿಂದೆ ಅಡಗಿರುವ ಮೇದೋಜೀರಕ ಗ್ರಂಥಿ ಇಲ್ಲದಿದ್ದರೆ ಕೊಬ್ಬು ಜೀರ್ಣವಾಗುತ್ತದೆಯೇ? ಉತ್ತರ ತಿಳಿಯಲು ಇಬ್ಬರೂ ಒಂದು ನಾಯಿಯ ಗ್ರಂಥಿಯನ್ನು ಪೂರ್ತಿ ತೆಗೆದರು. ನಾಯಿ ಬದುಕಿತು, ಆದರೆ ಪದೇ ಪದೇ ಮೂತ್ರ ಮಾಡತೊಡಗಿತು. ಮಿಂಕೋವ್ಸ್ಕಿ ಆ ಮೂತ್ರವನ್ನು ಪರೀಕ್ಷಿಸಿದಾಗ ಅದರ ತುಂಬ ಸಕ್ಕರೆ ಇತ್ತು.

ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಗ್ರಂಥಿಯ ಒಂದು ತುಂಡನ್ನು ನಾಯಿಯ ಚರ್ಮದಡಿ ನೆಟ್ಟರೆ ಕಾಯಿಲೆ ಬರುತ್ತಿರಲಿಲ್ಲ. ಆ ತುಂಡನ್ನು ತೆಗೆದ ಕೂಡಲೇ ಬರುತ್ತಿತ್ತು. ಅಂದರೆ ಗ್ರಂಥಿ ರಕ್ತಕ್ಕೆ ಏನನ್ನೋ ಬಿಡುತ್ತದೆ. ಆ 'ಏನೋ' ಇನ್ಸುಲಿನ್ ಎಂದು 1921ರಲ್ಲಿ ಟೊರಾಂಟೊದಲ್ಲಿ ಸಾಬೀತಾಯಿತು. ಜರ್ಮನಿಯಲ್ಲಿ ಇನ್ಸುಲಿನ್ ಬಳಕೆಗೆ ದಾರಿ ಮಾಡಿದ ಸಮಿತಿಗೆ ವಯಸ್ಸಾದ ಮಿಂಕೋವ್ಸ್ಕಿಯೇ ಅಧ್ಯಕ್ಷರು. 1931ರಲ್ಲಿ ಅವರು ತೀರಿಕೊಂಡರು.

ಅವರು ತೋರಿಸಿದ ನಂಟು ಇಂದು ಇನ್ನೊಂದು ಕಾರಣಕ್ಕೆ ಮುಖ್ಯವಾಗಿದೆ. ಗ್ರಂಥಿ ಹಾಳಾದರೆ ಸಕ್ಕರೆ ಏರುತ್ತದೆ. ಹಾಗಾಗಿ ಅಲ್ಲಿ ಕ್ಯಾನ್ಸರ್ ಬೆಳೆಯುತ್ತಿದ್ದರೂ ಮೊದಲ ಸುಳಿವು ಮಧುಮೇಹವೇ ಆಗಿರಬಹುದು. 50 ದಾಟಿದ ಮೇಲೆ ಹೊಸದಾಗಿ ಮಧುಮೇಹ ಬಂದವರಲ್ಲಿ ಸುಮಾರು 100ಕ್ಕೆ ಒಬ್ಬರಿಗೆ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಪತ್ತೆಯಾಗುತ್ತದೆ. ಉಳಿದ 99 ಮಂದಿಗೆ ಇಲ್ಲ ಎಂಬುದೂ ಅಷ್ಟೇ ಮುಖ್ಯ.

ಹಾಗಾದರೆ ಎಲ್ಲರಿಗೂ ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಸಾಲದೇ? ಸಿಎ 19-9 ಎಂಬ ಪರೀಕ್ಷೆ ಇದೆ. ಆದರೆ ಪಿತ್ತನಾಳ ಕಟ್ಟಿಕೊಂಡರೂ, ಗ್ರಂಥಿ ಊದಿಕೊಂಡರೂ ಅದರ ಮಟ್ಟ ಏರುತ್ತದೆ. ಕೆಲವರ ದೇಹ ಆ ವಸ್ತುವನ್ನು ತಯಾರಿಸುವುದೇ ಇಲ್ಲ. ಕ್ಯಾನ್ಸರ್ ಇದ್ದರೂ ಅವರ ವರದಿ ಸರಿಯಾಗಿಯೇ ಬರುತ್ತದೆ. ಅದಕ್ಕೇ ರಕ್ತದ ಹಲವು ಪ್ರೋಟೀನುಗಳನ್ನು ಒಟ್ಟಿಗೆ ನೋಡುವ, ಹೊಸ ಮಧುಮೇಹಿಗಳಲ್ಲಿ ಅಪಾಯ ಹೆಚ್ಚಿರುವವರನ್ನು ಮೊದಲು ಗುರುತಿಸುವ ಸಂಶೋಧನೆ ನಡೆಯುತ್ತಿದೆ.

ಸದ್ಯಕ್ಕೆ ಇಷ್ಟು ನೆನಪಿಡಿ. 50ರ ನಂತರ ಹೊಸದಾಗಿ ಸಕ್ಕರೆ ಕಾಯಿಲೆ ಬಂದು, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಅಥವಾ ಕಣ್ಣು ಹಳದಿಯಾದರೆ, ಬೆನ್ನಿಗೆ ಹರಡುವ ಹೊಟ್ಟೆನೋವು ಇದ್ದರೆ, ಸಕ್ಕರೆ ಮಾತ್ರೆ ತೆಗೆದುಕೊಂಡು ಸುಮ್ಮನಿರಬೇಡಿ. ವೈದ್ಯರಿಗೆ ಎರಡೂ ವಿಷಯವನ್ನು ಒಟ್ಟಿಗೆ ಹೇಳಿ.