ಕೊಳೆರೋಗಕ್ಕೆ ತಾಮ್ರದ ಕಾವಲು ಇಟ್ಟ ಡಾ. ಕೋಲ್ಮನ್

ಅಡಿಕೆ ಬೆಳೆಗಾರ ಬಂಧುಗಳೇ, ಮುಂಗಾರು ಹತ್ತಿರವಾದಂತೆ ಮೈಲುತುತ್ತ, ಸುಣ್ಣ ಹೊಂದಿಸಿಕೊಳ್ಳುವ ನೀವು ಡಾ. ಲೆಸ್ಲಿ ಕೋಲ್ಮನ್ ಅವರನ್ನು ಒಮ್ಮೆ ನೆನೆಯಬೇಕು.

1878ರಲ್ಲಿ ಕೆನಡಾ ದೇಶದಲ್ಲಿ ಹುಟ್ಟಿದ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಬೆಳೆಗಳಿಗೆ ಬರುವ ರೋಗ ಮತ್ತು ಕೀಟಗಳ ಅಧ್ಯಯನ ಅವರ ಕೆಲಸ. ಆಗ ಮಲೆನಾಡಿನಲ್ಲಿ ಕೊಳೆರೋಗ ತಗುಲಿದ ತೋಟದಲ್ಲಿ ಎಳೆಗಾಯಿಗಳು ರಾಶಿ ರಾಶಿಯಾಗಿ ಉದುರಿ, ವರ್ಷದ ದುಡಿಮೆ ಮಣ್ಣುಪಾಲಾಗುತ್ತಿತ್ತು. ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರು ತಡೆಯುವುದೇ ರೈತರು ಕಂಡುಕೊಂಡಿದ್ದ ಉಪಾಯ.

ಕೋಲ್ಮನ್ ಈ ರೋಗಕ್ಕೆ ಕಾರಣ ಫೈಟಾಫ್ತೊರ ಎಂಬ ಸೂಕ್ಷ್ಮಾಣು ಎಂದು ತೋರಿಸಿ, 1910ರಲ್ಲಿ ವರದಿ ಪ್ರಕಟಿಸಿದರು. ಇದರ ಬೀಜಾಣುಗಳು ಕಾಯಿಯ ಮೇಲಿನ ನೀರಿನ ಪದರದಲ್ಲಿ ಈಜಿ ಬಂದು ಒಳಹೊಗುತ್ತವೆ. ಫ್ರಾನ್ಸಿನ ಮಿಲ್ಲಾರ್ಡೆ 1885ರಲ್ಲಿ ದ್ರಾಕ್ಷಿಗೆ ಸೂಚಿಸಿದ್ದ ಬೋರ್ಡೋ ದ್ರಾವಣವನ್ನು ಕೋಲ್ಮನ್ ಅಡಿಕೆಗೆ ತಂದರು. ಜಡಿಮಳೆಗೆ ಅದು ತೊಳೆದುಹೋಗದಂತೆ ರಾಳ ಮತ್ತು ಸೋಡದ ಅಂಟನ್ನೂ ಸೇರಿಸಿದರು.

ಈ ದ್ರಾವಣದ ಗುಟ್ಟು ಏನು? ಮೈಲುತುತ್ತ ನೀರಿನಲ್ಲಿ ಕರಗಿದಾಗ ತಾಮ್ರವು ವಿದ್ಯುದಂಶ ಹೊತ್ತ ಕಣಗಳಾಗಿ ಬಿಡಿಯಾಗುತ್ತದೆ. ಇವೇ ತಾಮ್ರದ ಅಯಾನುಗಳು. ಗಿಡದ ಉಸಿರಾಟಕ್ಕೂ ಎಲೆಯಲ್ಲಿ ಆಹಾರ ತಯಾರಾಗುವುದಕ್ಕೂ ಇವು ಅತ್ಯಲ್ಪ ಪ್ರಮಾಣದಲ್ಲಿ ಬೇಕೇ ಬೇಕು. ಹೆಚ್ಚಾದರೆ ಇವೇ ಜೀವಕೋಶದ ಕಿಣ್ವಗಳಿಗೆ ಅಂಟಿಕೊಂಡು ಅವುಗಳ ಕೆಲಸ ನಿಲ್ಲಿಸುತ್ತವೆ. ಈಜುವ ಬೀಜಾಣು ಸಾಯುವುದು ಹೀಗೆ. ಬರೀ ಮೈಲುತುತ್ತ ಹೊಡೆದರೆ ಕಾಯಿ, ಎಲೆಯೂ ಸುಡುತ್ತವೆ. ಸುಣ್ಣವು ತಾಮ್ರವನ್ನು ಹಿಡಿದಿಟ್ಟು ಸ್ವಲ್ಪ ಸ್ವಲ್ಪವೇ ಬಿಡುತ್ತದೆ.

1913ರಲ್ಲಿ ಕೋಲ್ಮನ್ ಮೈಸೂರಿನ ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆಯನ್ನು ಬೆಳೆಸಿದರು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಆರಂಭವಾದದ್ದೂ ಅವರ ಕಾಲದಲ್ಲಿಯೇ. 1934ರವರೆಗೆ ಇಲ್ಲಿ ದುಡಿದು, 1954ರಲ್ಲಿ ತೀರಿಕೊಂಡರು.

ಅವರ ಪಾಠವನ್ನು ನೀವು ಹೀಗೆ ಪಾಲಿಸಿ. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ. ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಕದಡಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಿ. ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಚಾಕುವಿನ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ. ಕೆಂಪು ಲೇಪ ಹತ್ತಿದರೆ ಬಿಡಿ ತಾಮ್ರ ಉಳಿದಿದೆ ಎಂದರ್ಥ. ಇನ್ನಷ್ಟು ಸುಣ್ಣದ ನೀರು ಸೇರಿಸಿ. ಮಳೆ ಹಿಡಿಯುವ ಮೊದಲೇ ಕೊನೆಗಳು ಚೆನ್ನಾಗಿ ನೆನೆಯುವಂತೆ ಹೊಡೆಸಿ. 40–45 ದಿನಗಳ ನಂತರ ಹೊಳವಾದಾಗ ಮತ್ತೊಮ್ಮೆ ಹೊಡೆಸಿ. ಕೊಳೆ ಕಾಣಿಸಿಕೊಂಡ ಮೇಲೆ ಓಡಾಡಿದರೆ ಉದುರಿದ ಕಾಯಿ ಮರಕ್ಕೆ ಹತ್ತುವುದಿಲ್ಲ.